ಮಲಗಿರುವ ಆಟ

ಫೆಬ್ರವರಿ ೩, ಸೋಮವಾರ

ಇವಳನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದಾಯಿತು. ಏಳನೇ ತಿಂಗಳಲ್ಲಿ ರಕ್ತ ಕಾಣಿಸಿಕೊಳ್ಳಬಾರದು, ಕಾಣಿಸಿಕೊಂಡಿದೆ. ಗರ್ಭದೊಳಗೆ ಮಾಸು ಇರಬೇಕಾದ ಜಾಗಕ್ಕಿಂತ ಕೆಳಗೆ ಕೂತಿದೆಯಂತೆ. ಹೆರಿಗೆಯಾಗುವವರೆಗೆ ಅಲ್ಲೇ ಮಲಗಿರಬೇಕು, ಬಚ್ಚಲಿಗೆ ಹೋಗುವುದು ಬಿಟ್ಟರೆ ಮಂಚದಿಂದ ಇಳಿಯಲೇಬಾರದು ಎಂದರು ಡಾಕ್ಟರಮ್ಮ. ಆ ವಾರ್ಡಿನೊಳಗೆ ಮಕ್ಕಳನ್ನು ಬಿಡುವುದಿಲ್ಲ. ದೊಡ್ಡವರಿಗೂ ಸಂಜೆ ಸ್ವಲ್ಪ ಹೊತ್ತು ಅಷ್ಟೇ.

ಹೊರಡುವಾಗ ಇವಳು ನನ್ನ ಕೈ ಹಿಡಿದುಕೊಂಡು, "ರೀ, ಬಟಾಣಿ ದಿನಾ ಏನು ಮಾಡಿದ್ಲು, ಏನು ಅಂದ್ಲು, ಎಲ್ಲಾ ಬಂದು ಹೇಳ್ಬೇಕು. ನಿಮ್ಮನ್ನ ಕೇಳಿದ್ರೆ 'ಚೆನ್ನಾಗಿದ್ದಾಳೆ' ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತೀರಿ. ಬರೆದಿಟ್ಕೊಳ್ಳಿ" ಎಂದಳು. ಅದಕ್ಕೇ ಈ ಬರವಣಿಗೆ. ಮೂರೂವರೆ ವರ್ಷದ ಮಗಳ ಬಗ್ಗೆ ದಿನಾ ಬರೆಯುವಷ್ಟು ಏನಿರುತ್ತದೋ ಕಾಣೆ.

ಇವತ್ತಿನದು: ಬಟಾಣಿ ಅಳಲಿಲ್ಲ. ಹಾಲು ಕುಡಿದಳು. ಚಪ್ಪಲಿಗಳನ್ನು ಜೋಡಿಸಿಟ್ಟಳು. ಕೂರಿಸಿದ ಕಡೆ ಕೂತಳು. ಒಳ್ಳೆಯ ಮಗು.

ಫೆಬ್ರವರಿ ೫, ಬುಧವಾರ

ಅತ್ತೆ ಬಂದಿದ್ದಾರೆ. ಮನೆಗೆ ಉಸಿರು ಬಂದಂತಾಯಿತು. ಆದರೆ ಅವರಿಗೆ ಮಂಡಿನೋವು, ದಿನವಿಡೀ ಮಗುವಿನ ಹಿಂದೆ ಓಡಲಾರರು. ನಿಜ ಹೇಳಬೇಕೆಂದರೆ ಓಡುವ ಪ್ರಸಂಗವೇ ಬಂದಿಲ್ಲ. ಬಟಾಣಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿರುತ್ತಾಳೆ.

"ನೋಡಿ, ಎಷ್ಟು ಜಾಣೆ! ಅಲ್ಲಾಡದೆ ಸುಮ್ನೆ ಇದ್ರೆ ಅಮ್ಮನೂ ಪಾಪುನೂ ಚೆನ್ನಾಗಿರ್ತಾರೆ ಅಂತ ಹೇಳಿದ್ದೀನಿ. ಅರ್ಥ ಮಾಡ್ಕೊಂಡಿದ್ದಾಳೆ" ಎಂದರು ಅತ್ತೆ. ಕೆಳಗಿನ ಮನೆಯ ದರ್ಜಿಯೂ ಮೆಟ್ಟಿಲಲ್ಲಿ ಸಿಕ್ಕಾಗ ಅವಳ ಕೆನ್ನೆ ಹಿಂಡಿ ಅದನ್ನೇ ಹೇಳಿದ. ನಾನೂ ನಿನ್ನೆ ಸ್ನಾನ ಮಾಡಿಸುವಾಗ ಅಂಥದ್ದೇ ಏನೋ ಹೇಳಿದ ನೆನಪು.

ನಾನು ಕೆಲಸ ಮಾಡುವ ಕೃತಕ ಹಲ್ಲಿನ ಕಾರ್ಖಾನೆಯಲ್ಲಿ ಮೂರು ಸೆಟ್ಟು ಬಾಕಿ. ಮೇಲಿನ ದವಡೆಯದೊಂದು ಸೆಟ್ಟಿನಲ್ಲಿ ಎರಡು ಹಲ್ಲು ವಾಲಿ ಕೂತಿದ್ದವು. ಮೇಣ ಕರಗಿಸಿ ಮತ್ತೆ ಕೂರಿಸಿದೆ. ನನ್ನ ಕೈಯಿಂದ ಹಲ್ಲು ವಾಲಿದ್ದು ಇದೇ ಮೊದಲು. "ಮನಸ್ಸು ಎಲ್ಲಿದೆ ನಿನ್ನದು?" ಎಂದರು ಯಜಮಾನರು. ಎಲ್ಲಿಯೂ ಇಲ್ಲ, ಕಣ್ಣಿಗೆ ಪ್ಲಾಸ್ಟರ್ ಧೂಳು ಬಿದ್ದಿತ್ತು ಎಂದೆ.

ಬಟಾಣಿಯನ್ನು ಯಾವುದಾದರೂ ಶಾಲೆಗೆ ಹಾಕಲೇಬೇಕು.

ಫೆಬ್ರವರಿ ೮, ಶನಿವಾರ

ದೊಡ್ಡ ಗೇಟಿನ ಶಾಲೆ ನೋಡಿ ಬಂದೆವು. ಅತ್ತೆಗೆ ಗೇಟು ನೋಡಿದ ಕೂಡಲೇ ಒಪ್ಪಿಗೆಯಾಯಿತು. ನನಗೂ ಇಷ್ಟವಾಯಿತೆನ್ನಬೇಕು. ನೆಲ ಕನ್ನಡಿಯ ಹಾಗಿದೆ. ಬೂಟು ಇಡಲು ಗೂಡುಗಳು, ಒಂದೊಂದು ಗೂಡಿನಲ್ಲೂ ಬೂಟಿನ ಮೂತಿ ಹೊರಗೆ. ಮೂರು ವರ್ಷದ ಮಕ್ಕಳು ಮೇಜಿನ ಮುಂದೆ ಕೂತು ಗೆರೆ ಎಳೆಯುತ್ತಿದ್ದವು. ನಾವು ಒಳಗೆ ಹೋದಾಗ ಎಲ್ಲವೂ ತುಟಿಯ ಮೇಲೆ ಬೆರಳಿಟ್ಟುಕೊಂಡವು.

ಮುಖ್ಯೋಪಾಧ್ಯಾಯಿನಿ ಬಟಾಣಿಯನ್ನು ಕೇಳಿದರು: ಇದು ಯಾವ ಬಣ್ಣ? ಇದು ಎಷ್ಟು? ಇದು ಯಾವ ಪ್ರಾಣಿ? ಎಲ್ಲಕ್ಕೂ ಸರಿಯಾಗಿ ಹೇಳಿ, ಕೈಕಟ್ಟಿ ಕೂತಳು. "ಇಷ್ಟು ಶಿಸ್ತಿನ ಮಗು ಸಿಗೋದು ಅಪರೂಪ" ಎಂದರು ಅವರು. ನನ್ನ ಎದೆ ಒಂದು ಗೇಣು ಉಬ್ಬಿತು. ಸೀಟು ಇದೆಯಂತೆ. ಈ ತಿಂಗಳ ಕೊನೆಯವರೆಗೆ ಕಾದಿರಿಸುತ್ತಾರಂತೆ.

ಸಂಜೆ ಆಸ್ಪತ್ರೆಯಲ್ಲಿ ಇವಳಿಗೆ ಎಲ್ಲ ಹೇಳಿದೆ. ಚಾವಣಿ ನೋಡುತ್ತಾ ಕೇಳಿಸಿಕೊಂಡಳು.

"ಅವಳು ನಕ್ಕಳಾ?" ಎಂದಳು ಕೊನೆಗೆ.

"ನಗೋಕೆ ಏನಿತ್ತು ಅಲ್ಲಿ?"

"ಅದನ್ನೇ ನಾನೂ ಕೇಳ್ತಿರೋದು."

ಪಕ್ಕದ ಮಂಚದವಳ ಮಗ ಯಾವುದೋ ಆಟದ ಶಾಲೆಗೆ ಹೋಗಿದ್ದನಂತೆ. ಪುಸ್ತಕವಿಲ್ಲ, ಸ್ಲೇಟಿಲ್ಲ, ಬೆಳಗಿನಿಂದ ಆಟವೇ. ಅದನ್ನೂ ಒಮ್ಮೆ ನೋಡಿ ಬನ್ನಿ ಎಂದು ಹಟ ಹಿಡಿದಿದ್ದಾಳೆ. ಆಟ ಆಡುವುದಕ್ಕೆ ಶಾಲೆ ಯಾಕೆ ಬೇಕು? ಮಲಗಿರುವವಳ ಜೊತೆ ವಾದ ಮಾಡಬಾರದೆಂದು ಹ್ಞೂಂ ಎಂದು ಬಂದಿದ್ದೇನೆ.

ಫೆಬ್ರವರಿ ೧೨, ಬುಧವಾರ

ಹೋಗಿ ನೋಡಿದೆ. ಶಾಲೆಯೆಂದರೆ ಒಂದು ಹಳೆಯ ಮನೆ, ಹಿಂದೆ ಅಂಗಳ. ಅಂಗಳದಲ್ಲಿ ಮಣ್ಣಿನ ರಾಶಿ, ನೀರು ತುಂಬಿದ ತೊಟ್ಟಿ, ಮುರಿದ ಕುರ್ಚಿ, ಹಳೆಯ ಪಾತ್ರೆ, ಬಟ್ಟೆಯ ಗಂಟು, ಹಲಗೆಗಳು. ನಾವು ಗುಜರಿಗೆ ಹಾಕುವುದನ್ನೆಲ್ಲ ಇವರು ಜೋಡಿಸಿಟ್ಟಿದ್ದಾರೆ. ಬೂಟುಗಳು ಅಲ್ಲೊಂದು ಇಲ್ಲೊಂದು. ಒಬ್ಬ ಹುಡುಗ ಬಾಣಲೆಯನ್ನು ತಲೆಗೆ ಹಾಕಿಕೊಂಡು ಬಸ್ಸು ಓಡಿಸುತ್ತಿದ್ದ. ನನ್ನ ಪ್ಯಾಂಟಿಗೆ ಕೆಸರು ಸಿಡಿಯಿತು.

ನಡೆಸುವವರಿಗೆ ಕೂದಲು ಪೂರ್ತಿ ನೆರೆತಿದೆ. ಮಕ್ಕಳು ಅವರನ್ನು ದೊಡ್ಡಕ್ಕ ಎನ್ನುತ್ತವೆ. ನನಗೆ ಬನ್ನಿ ಎನ್ನುವ ಮೊದಲು ಬಟಾಣಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ನೀನು ಬಂದಿದ್ದು ಒಳ್ಳೇದಾಯ್ತು. ಎಲ್ಲಿ ಬೇಕಾದ್ರೂ ಇರು" ಎಂದರು. ಬಣ್ಣ ಕೇಳಲಿಲ್ಲ, ಎಣಿಸಲು ಹೇಳಲಿಲ್ಲ. ಬಟಾಣಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾವು ಇದ್ದಷ್ಟು ಹೊತ್ತೂ ನಿಂತೇ ಇದ್ದಳು.

"ಇವಳು ಆಡ್ತಾ ಇಲ್ಲವಲ್ಲ" ಎಂದೆ.

"ನೋಡ್ತಾ ಇದ್ದಾಳಲ್ಲ, ಅದೂ ಅರ್ಧ ಆಟವೇ."

"ಅಕ್ಷರ ಯಾವಾಗ ಕಲಿಸ್ತೀರಿ?"

"ಅವರು ಕೇಳಿದಾಗ. ಹಲ್ಲು ಬರೋಕೆ ಮುಂಚೆ ಅಗಿಯೋದು ಕಲಿಸೋಕಾಗುತ್ತಾ?"

ನನ್ನ ಕಸುಬು ಅವರಿಗೆ ಗೊತ್ತಿರಲಾರದು. ಆದರೂ ಚುಚ್ಚಿದಂತಾಯಿತು. ಇದು ನಮಗಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿ, ನಮಸ್ಕಾರ ಹೇಳಿ ಹೊರಟೆ.

ರಸ್ತೆ ದಾಟಿ ಎಷ್ಟೋ ದೂರ ಬಂದ ಮೇಲೆ ಬಟಾಣಿ ನನ್ನ ಬೆರಳು ಜಗ್ಗಿದಳು. "ಅಪ್ಪಾ, ಆ ನೀರು ನಾಳೆನೂ ಅಲ್ಲೇ ಇರುತ್ತಾ?"

ಅಲ್ಲೇ ನಿಂತುಬಿಟ್ಟೆ. ಅಮ್ಮ ಹೋದಾಗಿನಿಂದ ಅವಳು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಾಳೆ, ಬೇಕಾ ಎಂದರೆ ಬೇಕು, ಸಾಕಾ ಎಂದರೆ ಸಾಕು ಎಂದಿದ್ದಾಳೆ. ತಾನಾಗಿ ಒಂದು ಪ್ರಶ್ನೆ ಕೇಳಿರಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದೇ ಈಗ.

"ಇರುತ್ತೆ" ಎಂದೆ.

ಫೆಬ್ರವರಿ ೧೭, ಸೋಮವಾರ

ಆಟದ ಶಾಲೆಗೇ ಸೇರಿಸಿದೆ. ಅತ್ತೆ ಮುಖ ಊದಿಸಿಕೊಂಡಿದ್ದಾರೆ. "ಮಣ್ಣಾಟ ಆಡಿಸೋಕೆ ಅಷ್ಟು ದೂರ ಕರ್ಕೊಂಡು ಹೋಗ್ಬೇಕಾ, ನಮ್ಮ ಕಾಂಪೌಂಡಲ್ಲೇ ಬೇಕಾದಷ್ಟು ಮಣ್ಣಿದೆ" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ದೊಡ್ಡ ಗೇಟಿನವರು ಕಾದಿರಿಸಿದ ಸೀಟನ್ನು ನಾನಿನ್ನೂ ಬೇಡವೆಂದಿಲ್ಲ. ಅದು ಅತ್ತೆಗೂ ಗೊತ್ತಿಲ್ಲ, ಇವಳಿಗೂ ಗೊತ್ತಿಲ್ಲ.

ಬಿಟ್ಟು ಬರುವಾಗ ಬಟಾಣಿ ಅಳಲಿಲ್ಲ. ಉಳಿದ ಮಕ್ಕಳು ಅಪ್ಪ ಅಮ್ಮಂದಿರ ಕಾಲು ತಬ್ಬಿಕೊಂಡು ಬೊಬ್ಬೆ ಹೊಡೆಯುತ್ತಿದ್ದವು. ನಮ್ಮವಳು ಟಾಟಾ ಮಾಡಿದಳು.

ಫೆಬ್ರವರಿ ೨೦, ಗುರುವಾರ

ಏನಾಡಿದೆ ಎಂದು ಕೇಳಿದರೆ "ಮಲಗಿದ್ದೆ" ಎನ್ನುತ್ತಾಳೆ. ನಿನ್ನೆಯೂ ಮಲಗಿದ್ದೆ, ಇವತ್ತೂ ಮಲಗಿದ್ದೆ.

ಆಸ್ಪತ್ರೆಯಲ್ಲಿ ಇವಳಿಗೆ, ಚೆನ್ನಾಗಿ ಆಡ್ತಾಳೆ ಎಂದು ಹೇಳಿ ಬಂದೆ.

ಫೆಬ್ರವರಿ ೨೭, ಗುರುವಾರ

ಇವತ್ತು ಕರೆತರಲು ಬೇಗ ಹೋದೆ. ಕಣ್ಣಾರೆ ಕಂಡೆ. ಅಂಗಳದಲ್ಲಿ ಮಕ್ಕಳು ಕೂಗಾಡುತ್ತಿವೆ, ನಮ್ಮ ಬಟಾಣಿ ಒಳಗೆ ಮೂಲೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿದ್ದಾಳೆ. ಎರಡೂ ಕೈ ಹೊಟ್ಟೆಯ ಮೇಲೆ. ಕಣ್ಣು ತೆರೆದೇ ಇದೆ. ಯಾರೋ ಅವಳಿಗೊಂದು ದಿಂಬು ಬೇರೆ ಕೊಟ್ಟಿದ್ದಾರೆ.

ನನಗೆ ರೇಗಿತು. "ಹತ್ತು ದಿನದಿಂದ ಇವಳು ಇಲ್ಲಿ ಬಂದು ಮಲಗ್ತಿದ್ದಾಳಾ? ಎಬ್ಬಿಸ್ಬೇಕು ಅಂತ ನಿಮಗ್ಯಾರಿಗೂ ಅನ್ನಿಸಲಿಲ್ವಾ?" ಎಂದೆ. ದನಿ ಏರಿತ್ತು. ಒಂದಿಬ್ಬರು ತಾಯಂದಿರು ತಿರುಗಿ ನೋಡಿದರು.

ದೊಡ್ಡಕ್ಕ ಕೈಯ ಮಣ್ಣು ಒರೆಸಿಕೊಂಡು ಹತ್ತಿರ ಬಂದರು. "ದಿನಾ ಕರೀತೀನಿ. ಬರಲ್ಲ ಅಂತಾಳೆ. ಎಳೆದು ಎಬ್ಬಿಸಬಹುದು, ಆದ್ರೆ ಯಾಕೆ ಮಲಗಿದ್ದಾಳೆ ಅನ್ನೋದು ಗೊತ್ತಾಗಲ್ಲ. ಇದು ಸೋಮಾರಿತನ ಅಲ್ಲ, ಏನೋ ಕೆಲಸ ಮಾಡ್ತಿದ್ದಾಳೆ ಅವಳು."

"ಎಂಥ ಕೆಲಸ?"

"ನನಗೂ ಪೂರ್ತಿ ಗೊತ್ತಾಗಿಲ್ಲ. ನಾಳೆ ಬೆಳಗ್ಗೆ ಒಂದು ಗಳಿಗೆ ಬಂದು ಕೂತ್ಕೊಳ್ಳಿ. ಅವಳನ್ನ ನಮಗಿಂತ ಬಲ್ಲವರು ನೀವು. ನೋಡಿ. ಆಮೇಲೆ ಬಿಡಿಸೋದಾದ್ರೆ ಬಿಡಿಸಿ, ನಾನು ಒಂದು ಮಾತೂ ಆಡಲ್ಲ."

ಕಾದಿರಿಸಿದ ಸೀಟಿಗೆ ನಾಳೆ ಕೊನೆಯ ದಿನ. ಬೆಳಗ್ಗೆ ಇಲ್ಲಿ ಮುಖ ತೋರಿಸಿ, ಹಾಗೇ ದೊಡ್ಡ ಗೇಟಿನ ಶಾಲೆಗೆ ಹೋಗಿ ಬಟಾಣಿಯನ್ನು ಸೇರಿಸುತ್ತೇವೆಂದು ಹೇಳುತ್ತೇನೆ. ಅತ್ತೆಗೆ ಹೇಳಿದೆ. ಇಷ್ಟು ದಿನದ ಮೇಲೆ ನಕ್ಕರು.

ಫೆಬ್ರವರಿ ೨೮, ಶುಕ್ರವಾರ

ಎಲ್ಲಿಂದ ಶುರು ಮಾಡಲಿ.

ಯಜಮಾನರಿಗೆ ಅರ್ಧ ದಿನ ರಜೆ ಹೇಳಿ, ದೊಡ್ಡ ಗೇಟಿಗೆ ಹೋಗಬೇಕಲ್ಲ ಎಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದೆ. ಮಕ್ಕಳ ಕುಳ್ಳು ಸ್ಟೂಲೊಂದರ ಮೇಲೆ ಕೂತೆ. ಮಂಡಿ ಗಲ್ಲಕ್ಕೆ ಬರುತ್ತಿತ್ತು. ಬಟಾಣಿ ಬಂದವಳೇ ಚಪ್ಪಲಿ ಜೋಡಿಸಿ, ಚಾಪೆ ಬಿಡಿಸಿ, ಮಲಗಿದಳು. ಡ್ಯೂಟಿಗೆ ಬಂದವಳ ಹಾಗೆ.

ಬಾಣಲೆ ಟೊಪ್ಪಿಯ ಡ್ರೈವರ್ ಹುಡುಗ ಬಂದ. "ಏಯ್, ಎದ್ದೇಳು. ಬಸ್ಸಿಗೆ ಜನ ಸಾಲದು."

"ಏಳಬಾರದು" ಎಂದಳು ಬಟಾಣಿ.

"ಯಾಕೆ?"

"ನಾನು ಅಲ್ಲಾಡಿದ್ರೆ ಅಮ್ಮನ ಹೊಟ್ಟೆಯಿಂದ ಪಾಪು ಬಿದ್ದೋಗುತ್ತೆ."

"ಯಾರು ಹೇಳಿದ್ದು?"

"ಎಲ್ರೂ."

ಅಲ್ಲಾಡದೆ ಸುಮ್ಮನೆ ಇದ್ದರೆ ಅಮ್ಮ ಚೆನ್ನಾಗಿರುತ್ತಾಳೆ. ನಾವೆಲ್ಲ ಮುದ್ದಿನಿಂದ ಹೇಳಿದ ಮಾತು. ಅದನ್ನು ಈ ಮಗು ಹೊತ್ತುಕೊಂಡು ತಿರುಗಿದೆ. ತಿರುಗಿದೆ ಎಂದರೂ ತಪ್ಪು, ಹೊತ್ತುಕೊಂಡು ಮಲಗಿದೆ. ಅಮ್ಮನನ್ನೂ ಪಾಪುವನ್ನೂ ತಾನೊಬ್ಬಳೇ ಕಾಯುತ್ತಿದ್ದಳು.

ಎದ್ದು ಹೋಗಿ ಎತ್ತಿಕೊಳ್ಳಬೇಕೆಂದುಕೊಂಡೆ. ದೊಡ್ಡಕ್ಕ ದೂರದಿಂದಲೇ, ಸ್ವಲ್ಪ ತಡೆಯಿರಿ ಎಂದು ಕಣ್ಣಲ್ಲೇ ಹೇಳಿದರು. ಅವರು ಚಾಪೆಯ ಪಕ್ಕ ಬಂದು ಕೂತು ಮಾಮೂಲಾಗಿ ಕೇಳಿದರು: "ಇವತ್ತು ಡಾಕ್ಟರು ನೋಡೋಕೆ ಬಂದಿಲ್ವಾ?"

ಬಟಾಣಿ ಯೋಚಿಸಿದಳು. "ಇಲ್ಲ."

ಡ್ರೈವರ್ ಬಾಣಲೆ ತೆಗೆದಿಟ್ಟು, "ನಾನೇ ಡಾಕ್ಟರು" ಎಂದ. ಅವನ ಹಿಂದೆ ಇನ್ನೊಬ್ಬಳು ಡಾಕ್ಟರಾದಳು. ಆಮೇಲೆ ಎಲ್ಲರೂ ಡಾಕ್ಟರೇ. ಯಾರೋ ಚಮಚದಿಂದ ಜ್ವರ ನೋಡಿದರು, ಯಾರೋ ಹಗ್ಗದ ತುದಿಯನ್ನು ಎದೆಗಿಟ್ಟು ಕೇಳಿದರು. ಬಟಾಣಿ ಅಷ್ಟೂ ಹೊತ್ತು ಗಂಭೀರವಾಗಿ ನೋಡುತ್ತಿದ್ದು, ಕೊನೆಗೆ ತಡೆಯಲಾರದೆ, "ಹಂಗಲ್ಲ! ನಿಮಗೆ ಬರಲ್ಲ. ಡಾಕ್ಟರಮ್ಮ ನಾನು" ಎಂದಳು. ಮತ್ತೆ ಅನುಮಾನ ಬಂತು. "ಆದ್ರೆ ಮಲಗೋರು ಯಾರು?"

ಎಲ್ಲರೂ ನನ್ನ ಕಡೆ ನೋಡಿದರು.

ಮಲಗಿದೆ. ಬಿಳಿ ಅಂಗಿಯಲ್ಲೇ ಮಲಗಿದೆ. ಬಟಾಣಿ ಮೆಲ್ಲಗೆ, ಒಂದೊಂದೇ ಕಾಲು ಊರಿ ಎದ್ದು ನಿಂತಳು. ಏನಾದರೂ ಆಗುತ್ತದೋ ಎಂದು ಕಾದಳು. ಏನೂ ಆಗಲಿಲ್ಲ. ಆಮೇಲೆ ನನ್ನ ಹೊಟ್ಟೆ ಒತ್ತಿದಳು.

"ನೋವಾಗುತ್ತಾ?"

"ಇಲ್ಲ ಡಾಕ್ಟ್ರೇ."

"ಹೆದರಿಕೆ ಆಗುತ್ತಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಚಾವಣಿಯಲ್ಲಿ ಒಂದು ಬಿರುಕು ಇತ್ತು. ಅದನ್ನೇ ನೋಡುತ್ತಾ ಮಲಗಿದ್ದೆ. ಆಸ್ಪತ್ರೆಯಲ್ಲಿ ಇವಳೂ ದಿನವಿಡೀ ಹೀಗೇ ಚಾವಣಿ ನೋಡುತ್ತಾಳಲ್ಲ ಎನ್ನಿಸಿತು.

"ಆಗುತ್ತೆ" ಎಂದೆ. "ತುಂಬಾ ಆಗುತ್ತೆ."

ಬಟಾಣಿ ನನ್ನ ಹಣೆಯ ಮೇಲೆ ಕೈಯಿಟ್ಟಳು. "ಔಷಧಿ ತರ್ತೀನಿ. ನೀನು ಅಳಬಹುದು" ಎಂದು ಹೇಳಿ ಅಂಗಳಕ್ಕೆ ಓಡಿದಳು.

ಓಡಿದಳು. ನೀರಿನ ತೊಟ್ಟಿಯವರೆಗೆ ಓಡಿ, ಲೋಟದಲ್ಲಿ ನೀರು ತುಂಬಿ, ಅರ್ಧ ಚೆಲ್ಲಿಕೊಂಡು ಓಡಿ ಬಂದು, ಉಳಿದರ್ಧ ನನ್ನ ಕುತ್ತಿಗೆಗೆ ಹುಯ್ದಳು. ಮತ್ತೆ ಓಡಿದಳು. ಡಾಕ್ಟರುಗಳೆಲ್ಲ ಅವಳ ಹಿಂದೆ ಓಡಿದರು. ಎಷ್ಟು ಔಷಧಿ ಬಿತ್ತೋ ಲೆಕ್ಕವಿಲ್ಲ. ಅಂಗಿ ತೊಪ್ಪೆಯಾಯಿತು. ಮುಖ ಹೇಗೂ ಒದ್ದೆಯಾಗಿತ್ತು, ಯಾರಿಗೂ ತಿಳಿಯಲಿಲ್ಲ.

ಆ ಅಂಗಿಯಲ್ಲಿ ದೊಡ್ಡ ಗೇಟಿನ ಶಾಲೆಗೆ ಹೋಗಲಾಗಲಿಲ್ಲ.

ಮಾರ್ಚ್ ೧, ಶನಿವಾರ

ಇವಳಿಗೆ ಎಲ್ಲವನ್ನೂ ಹೇಳಿದೆ. ಕಾದಿರಿಸಿದ ಸೀಟಿನ ವಿಷಯವನ್ನೂ ಹೇಳಿದೆ. ಬಹಳ ಹೊತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಆಮೇಲೆ, "ಮನೆಗೆ ಹೋಗಿ ಫೋನ್ ಮಾಡಿ" ಎಂದಳು.

ಮಾಡಿದೆ. ಇಷ್ಟು ದಿನ ಅಮ್ಮನ ಫೋನ್ ಎಂದರೆ ಬಟಾಣಿ ಹ್ಞೂಂ, ಹ್ಞೂಂ ಎಂದು ಕೊಟ್ಟುಬಿಡುತ್ತಿದ್ದಳು.

"ಬಟಾಣೀ, ಒಂದ್ಸಲ ಜಿಗಿ ನೋಡೋಣ, ಇಲ್ಲಿಗೆ ಕೇಳಿಸ್ಬೇಕು" ಎಂದಳು ಇವಳು.

ಬಟಾಣಿ ನನ್ನ ಮುಖ ನೋಡಿದಳು. ಫೋನನ್ನು ನೆಲಕ್ಕೆ ಹಿಡಿದೆ. ಮೆಲ್ಲಗೆ, ಅಂಗಾಲು ಎತ್ತಿ ಇಟ್ಟಷ್ಟೇ, ಜಿಗಿದಳು.

"ಕೇಳಿಸ್ಲಿಲ್ಲ."

ಇನ್ನೊಂದು.

"ಏನೋ ಇಲಿ ಓಡಾಡಿದ ಹಾಗಾಯ್ತು. ನೀನೇನಾ?"

ಬಟಾಣಿ ಹಲ್ಲು ಕಚ್ಚಿ, ಎರಡೂ ಕಾಲು ಜೋಡಿಸಿ ಧಡ್ಡೆಂದು ಜಿಗಿದಳು. ಕಪಾಟಿನ ಗಾಜು ನಡುಗಿತು.

"ಹಾಂ, ಇದು ನನ್ನ ಮಗಳು! ಕೇಳಿಸ್ತು. ಪಾಪುಗೂ ಕೇಳಿಸ್ತು. ಅದು ಆರಾಮಾಗಿದೆ ಕಣೇ, ಗಟ್ಟಿಯಾಗಿ ಕೂತಿದೆ. ನೀನು ಜಿಗಿದ್ರೂ, ಓಡಿದ್ರೂ, ಕಿರುಚಿದ್ರೂ ಅದಕ್ಕೇನೂ ಆಗಲ್ಲ. ಅದನ್ನ ನೋಡ್ಕೊಳ್ಳೋದು ನನ್ನ ಕೆಲಸ, ಡಾಕ್ಟರಮ್ಮನ ಕೆಲಸ. ನಿಂದಲ್ಲ."

"ನಂದು ಯಾವ ಕೆಲಸ?"

"ಇನ್ನೊಂದ್ಸಲ ಜಿಗಿ."

ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ದರ್ಜಿ ಅಳತೆ ಪಟ್ಟಿ ಕೊರಳಲ್ಲಿ ಹಾಕಿಕೊಂಡು, "ಏನು ಸ್ವಾಮೀ, ಚಾವಣಿ ನನ್ನ ತಲೆ ಮೇಲೆ ಬೀಳೋ ಹಾಗಿದೆಯಲ್ಲ" ಎಂದು ಮೇಲೆ ಬಂದ. ಬಿದ್ದರೆ ಬೀಳಲಿ, ಒಳಗೆ ಬನ್ನಿ ಎಂದೆ.

ಮಾರ್ಚ್ ೮, ಶನಿವಾರ

ಬರೆಯಲು ಪುರಸತ್ತಿಲ್ಲ. ಬಟಾಣಿ ಬಾಯಿ ಮುಚ್ಚುವುದಿಲ್ಲ. ಇವತ್ತು ಕರೆತರಲು ಹೋದ ಅತ್ತೆ ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಅಂಗಳದ ಕಟ್ಟೆಯ ಮೇಲೆ ಕೂತು, ಮಕ್ಕಳು ಮಣ್ಣಿನಲ್ಲಿ ಮಾಡಿಕೊಟ್ಟ ಊಟವನ್ನು ಉಣ್ಣುತ್ತಿದ್ದರು. "ಉಪ್ಪು ಸಾಲದು" ಎಂದು ವಾಪಸ್ ಕಳಿಸಿದ್ದರಂತೆ. ನನ್ನನ್ನು ನೋಡಿ ಸೆರಗು ಕೊಡವಿಕೊಂಡು, "ಮಂಡಿ ನೋಯ್ತಾ ಇತ್ತು, ಕೂತೆ ಅಷ್ಟೇ" ಎಂದರು.

ಮಾರ್ಚ್ ೧೪, ಶುಕ್ರವಾರ

ಬೆಳಗ್ಗೆ ಕಾರ್ಖಾನೆಗೆ ಫೋನ್ ಬಂತು. ಕೈಯಲ್ಲಿ ಮೇಣ ಇತ್ತು. ರಕ್ತ ನಿಲ್ಲುತ್ತಿಲ್ಲ, ಕೂಡಲೇ ಆಪರೇಷನ್ ಎಂದರು.

ಗಂಡು ಮಗು. ತೀರಾ ಚಿಕ್ಕದು. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ.

ಇವಳಿಗೆ ಇನ್ನೂ ಎಚ್ಚರವಿಲ್ಲ.

ಮಾರ್ಚ್ ೧೫, ಶನಿವಾರ

ಎಚ್ಚರವಾಯಿತು. ನೀರು ಕೇಳಿದಳು. ಆಮೇಲೆ ಬಟಾಣಿಯನ್ನು ಕೇಳಿದಳು. ಆಮೇಲೆ, "ಕೂಸು ಅತ್ತಿತಾ?" ಎಂದಳು. ಬೆಕ್ಕಿನ ಮರಿಯ ಹಾಗೆ ಅತ್ತಿತು ಎಂದೆ. ಮತ್ತೆ ಕಣ್ಣು ಮುಚ್ಚಿದಳು. ಕೈ ಬಿಡಲಿಲ್ಲ.

ನಿನ್ನೆ ಬಟಾಣಿಯನ್ನು ಕರೆತರಲು ಯಾರೂ ಹೋಗಿರಲಿಲ್ಲ. ಅತ್ತೆಯೂ ನಾನೂ ಆಪರೇಷನ್ ಕೋಣೆಯ ಬಾಗಿಲಲ್ಲೇ ನಿಂತಿದ್ದೆವು. ಸಂಜೆ ನೆನಪಾಗಿ ಜೀವ ಕೈಯಲ್ಲಿ ಹಿಡಿದುಕೊಂಡು ಓಡಿದೆ. ಶಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ದೊಡ್ಡಕ್ಕ ಮತ್ತು ಬಟಾಣಿ ಹಲಗೆಗಳನ್ನು ಸೇರಿಸಿ ಸೇತುವೆ ಕಟ್ಟುತ್ತಿದ್ದರು.

ಎಲ್ಲ ಸರಿಯಾಗಿದೆ ಎನ್ನಬಹುದಿತ್ತು. ಅವಳೆದುರು ಕೂತೆ.

"ಪಾಪು ಹುಟ್ಟಿದೆ. ತುಂಬ ಪುಟ್ಟದು. ಅಮ್ಮನಿಗೆ ಸುಸ್ತಾಗಿದೆ, ನಿದ್ದೆಯಲ್ಲಿದ್ದಾಳೆ. ಡಾಕ್ಟರಮ್ಮ ಪಕ್ಕದಲ್ಲೇ ಇದ್ದಾರೆ."

"ನಾನು ಇವತ್ತು ಬಸ್ಸಿಂದ ಹಾರಿದ್ದೆ" ಎಂದಳು ಬಟಾಣಿ. ದನಿ ಸಣ್ಣದಾಗಿತ್ತು.

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಕಂದಾ. ಖಂಡಿತ ಇಲ್ಲ."

"ನಿನಗೆ ಹೆದರಿಕೆ ಆಗ್ತಿದೆಯಾ?"

"ಹ್ಞೂಂ."

"ನನಗೂನೂ."

ನನ್ನ ತೊಡೆಯ ಮೇಲೆ ಹತ್ತಿ ಕೂತಳು. ದೊಡ್ಡಕ್ಕ ಹಲಗೆ ತೆಗೆಯದೆ, ದೀಪ ಹಚ್ಚಿ, ಒಳಗೆ ಹೋದರು. ಸೇತುವೆ ಮುಗಿಸಿಯೇ ಎದ್ದೆವು.

ಮಾರ್ಚ್ ೨೨, ಶನಿವಾರ

ಇವಳು ಎದ್ದು ಕೂತಳು. ಗಂಜಿ ಕುಡಿದಳು. ಪಾಪು ಗಾಜಿನ ಪೆಟ್ಟಿಗೆಯಿಂದ ಅಮ್ಮನ ಎದೆಗೆ ಬಂದಿದೆ.

ಫೋಟೊ ತೆಗೆದುಕೊಂಡು ಬಂದು ಬಟಾಣಿಗೆ ತೋರಿಸಿದೆ. ಹತ್ತಿರ ಹಿಡಿದು, ದೂರ ಹಿಡಿದು, ತಿರುಗಿಸಿ ನೋಡಿದಳು. ಪಾಪು ಬಾಯಿ ತೆರೆದು ಆಕಳಿಸುವ ಹೊತ್ತಿನ ಫೋಟೊ.

"ಅಯ್ಯೋ, ಹಲ್ಲೇ ಇಲ್ಲ! ಎಲ್ಲಾ ಬಿದ್ದೋಗಿದೆ" ಎಂದಳು. ಆಮೇಲೆ ನನ್ನ ಮೊಣಕೈ ತಟ್ಟಿ ಸಮಾಧಾನ ಹೇಳಿದಳು. "ಪರವಾಗಿಲ್ಲ. ನೀನು ಮಾಡ್ಕೊಡು. ಚಿಕ್ಕ ಚಿಕ್ಕದು."

ಯಜಮಾನರಿಗೆ ಹೇಳಿದೆ. ಅವರು ನಕ್ಕು, ಅಳತೆಗೆ ಯಾವಾಗ ಕರ್ಕೊಂಡು ಬರ್ತೀಯಾ ಎಂದರು.

ಏಪ್ರಿಲ್ ೫, ಶನಿವಾರ

ಬಂದರು. ಇಬ್ಬರೂ ಮನೆಗೆ ಬಂದರು.

ಬಟಾಣಿ ಬೆಳಗಿನಿಂದ ಕಿಟಕಿಯಲ್ಲೇ ಇದ್ದಳು. ಓಡಿ ಬಂದು ಅಪ್ಪಿಕೊಳ್ಳುತ್ತಾಳೆ, ಹೊಲಿಗೆಗೆ ತಾಗೀತು ಎಂದು ನಾನು ಇವಳ ಮುಂದೆ ಅಡ್ಡ ನಿಂತು ಮೆಟ್ಟಿಲು ಹತ್ತಿಸಿದೆ. ಬಾಗಿಲು ತೆಗೆದರೆ ಬಟಾಣಿ ಇಲ್ಲ. ಕಪಾಟಿನ ಸಂದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಾಳೆ.

"ಬಟಾಣೀ, ಅಮ್ಮ ಬಂದಿದ್ದೀನಿ" ಎಂದಳು ಇವಳು.

ಅತ್ತೆ ಪಾಪುವನ್ನು ತೆಗೆದುಕೊಂಡು ಒಳಗೆ ಹೋದರು. ಇವಳು ಎರಡು ಹೆಜ್ಜೆ ಮುಂದೆ ಇಟ್ಟಳಷ್ಟೇ, ಬಟಾಣಿ ಗಿರಕ್ಕನೆ ತಿರುಗಿ ಕೈಗೆ ಸಿಕ್ಕ ಚಪ್ಪಲಿ ಎತ್ತಿ ಎಸೆದಳು. ಅದು ಗೋಡೆಗೆ ಬಡಿದು ಬಿತ್ತು.

"ಹೋಗು! ನೀನು ಕೆಟ್ಟೋಳು! ಹೇಳದೆ ಹೋಗ್ಬಿಟ್ಟೆ! ಎಷ್ಟೊಂದು ದಿನ ಹೋಗ್ಬಿಟ್ಟೆ!"

ಕಿರುಚಿದಳು. ಮುಖ ಕೆಂಪಾಗಿ, ಕೊರಳ ನರ ಉಬ್ಬಿ, ಕಾಲು ನೆಲಕ್ಕೆ ಅಪ್ಪಳಿಸಿ ಕಿರುಚಿದಳು. ನಾನು ಎತ್ತಿಕೊಳ್ಳಲು ಹೋದೆ. ಇವಳು ಬೇಡವೆಂದು ಕೈ ತೋರಿಸಿದಳು. ಗೋಡೆ ಹಿಡಿದುಕೊಂಡು ನಿಂತೇ ಹೇಳಿದಳು, "ಹೌದು, ಹೋಗ್ಬಿಟ್ಟೆ. ನಿನ್ನನ್ನ ಬಿಟ್ಟು ಹೋಗ್ಬಿಟ್ಟೆ. ಇನ್ನೂ ಬೈಯಿ."

"ಕತ್ತೆ!"

"ಹೂಂ."

"ಕೋತಿ! ಒದ್ದೆ ಚಡ್ಡಿ! ಕೊಳೆತ ಬಾಳೆಹಣ್ಣು!"

"ಹೂಂ. ಇನ್ನೂ?"

ಬಟಾಣಿ ಬೈಗುಳ ಹುಡುಕಿದಳು. ಅವಳ ಹತ್ತಿರ ಇದ್ದದ್ದು ಅಷ್ಟೇ. ತುಟಿ ಅದುರಿತು. "ಇನ್ನೂ... ಇನ್ನೂ ಇದೆ" ಎನ್ನುತ್ತಾ ಅಳಲು ಶುರು ಮಾಡಿದಳು. ಎರಡು ತಿಂಗಳಿನಿಂದ ಅಳದಿದ್ದ ಮಗು. ಅಷ್ಟನ್ನೂ ಒಟ್ಟಿಗೆ ಅತ್ತಳು. ಇವಳು ಮೆಲ್ಲಗೆ ಕುರ್ಚಿಯಲ್ಲಿ ಕೂತು ಕೈ ಚಾಚಿದಳು. ಬಟಾಣಿ ಬಂದು, ಯಾರೂ ಹೇಳದಿದ್ದರೂ ಹೊಟ್ಟೆಗೆ ತಾಗದ ಹಾಗೆ, ಪಕ್ಕದಿಂದ ಅಮ್ಮನ ತೋಳಿಗೆ ಮುಖ ಒತ್ತಿಕೊಂಡಳು.

ಅಳುವಿನ ಸದ್ದಿಗೆ ದರ್ಜಿ ಓಡಿ ಬಂದಿದ್ದ. ಬಾಗಿಲಲ್ಲೇ ನಿಂತು, ಏನಾಯಿತು ಎಂದು ಕಣ್ಣಲ್ಲೇ ಕೇಳಿದ.

"ಏನಿಲ್ಲ, ನಮ್ಮ ಮಗಳು ಅಳ್ತಿದ್ದಾಳೆ" ಎಂದೆ. ದನಿಯಲ್ಲಿ ಸಿಹಿ ಹಂಚುವವನ ಸಂಭ್ರಮ ಇದ್ದಿರಬೇಕು, ಅವನು ನನ್ನನ್ನೇ ವಿಚಿತ್ರವಾಗಿ ನೋಡಿ ಕೆಳಗೆ ಹೋದ.

ಏಪ್ರಿಲ್ ೬, ಭಾನುವಾರ

ಇವಳು ಮನೆಯಲ್ಲೇ ಇರುವುದರಿಂದ ಹೇಳಲೆಂದು ಬರೆದಿಡುವ ಅಗತ್ಯ ಇನ್ನಿಲ್ಲ. ಇವತ್ತಿನದೊಂದು ಬರೆದು ನಿಲ್ಲಿಸುತ್ತೇನೆ.

ಬಟಾಣಿಯೂ ನಾನೂ ಕೋಣೆಯ ನಡುವೆ ಹಡಗು ಕಟ್ಟಿದೆವು. ಮನೆಯಲ್ಲಿದ್ದ ದಿಂಬುಗಳೆಲ್ಲ ಹಡಗಿಗೆ ಹೋದವು, ಅತ್ತೆಯ ಮಂಡಿ ಕೆಳಗಿನದೂ ಸೇರಿ. ಅತ್ತೆ ಪ್ರಯಾಣಿಕರು, ಬಟಾಣಿ ಕ್ಯಾಪ್ಟನ್, ನಾನು ಮೀನು. ಮೀನಿಗೆ ಹಡಗಿನಲ್ಲಿ ಜಾಗವಿಲ್ಲ, ಬೋರಲಾಗಿ ನೆಲದ ಮೇಲೆ ಈಜುತ್ತಾ ಸುತ್ತು ಹಾಕಬೇಕು.

ಇವಳು ಮಂಚದ ಮೇಲೆ ಒರಗಿ ಪಾಪುವಿಗೆ ಹಾಲು ಕೊಡುತ್ತಿದ್ದಳು. ಎಷ್ಟೋ ಹೊತ್ತಿನಿಂದ ನನ್ನನ್ನೇ ನೋಡುತ್ತಿದ್ದಳೆಂದು ಕಾಣುತ್ತದೆ.

"ರೀ, ನೀವು ಹೀಗೆ ಯಾವಾಗಿಂದ?"

"ಹೀಗೆ ಅಂದ್ರೆ?"

"ಭಾನುವಾರ ಆದ್ರೆ ಕಪಾಟು ಒರೆಸ್ತಾ ಕೂರೋರು. ನೆಲದಲ್ಲಿ ಹೊರಳಾಡ್ಕೊಂಡು, ಬಾಯಲ್ಲಿ ಗುಳುಗುಳು ಅಂತ ಸದ್ದು ಬೇರೆ."

ಯೋಚಿಸಿದೆ. "ನಾನು ಯಾವಾಗ್ಲೂ ಹೀಗೇ ಇದ್ದೆನಲ್ಲ" ಎಂದೆ.

ಇವಳು ನಕ್ಕಳು. ಒಂದು ಕೈಯಲ್ಲಿ ಹೊಲಿಗೆ ಒತ್ತಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅತ್ತೆಯೂ ನಕ್ಕರು. ನಗುವಂಥದ್ದು ನಾನೇನು ಹೇಳಿದೆನೋ ತಿಳಿಯಲಿಲ್ಲ. ಕೇಳೋಣವೆಂದು ತಲೆ ಎತ್ತಿದರೆ ಕ್ಯಾಪ್ಟನ್, "ಮೀನು ಮಾತಾಡಲ್ಲ!" ಎಂದು ಗದರಿದಳು.

ಮತ್ತೆ ನೀರಿಗಿಳಿದೆ.